ಭಾವನ ಸೂಜಿ, ಅಕ್ಕನ ಹೂವು

ನಮ್ಮ ಭಾವನ ರಕ್ತ ಕುಡಿದ ಸೊಳ್ಳೆಗೆ ಜನ್ಮದಲ್ಲಿ ಇನ್ನು ಯಾವ ಕಾಯಿಲೆಯೂ ಬರುವುದಿಲ್ಲ ಎಂದು ಬೇಕಾದರೆ ನಾನು ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಡುತ್ತೇನೆ! ಟೈಫಾಯ್ಡು, ಕಾಮಾಲೆ, ಧನುರ್ವಾಯು, ಮಿದುಳು ಜ್ವರ, ಹುಚ್ಚುನಾಯಿಯದು, ಹಳದಿ ಜ್ವರದ್ದು, ಯಾವ ಚುಚ್ಚುಮದ್ದನ್ನೂ ಬಿಟ್ಟಿಲ್ಲ ಪುಣ್ಯಾತ್ಮ. ಹಳದಿ ಜ್ವರ ಇರುವುದು ಆಫ್ರಿಕಾದಲ್ಲಿ, ದಕ್ಷಿಣ ಅಮೆರಿಕದಲ್ಲಿ. ಭಾವ ಅವೆರಡರ ಕಡೆಗೆ ತಲೆ ಹಾಕಿಯೂ ಮಲಗಿದವರಲ್ಲ. "ಮತ್ತೆ ಆ ಸೂಜಿ ಯಾಕೆ ಭಾವ?" ಎಂದು ಕೇಳಿದೆ ಒಮ್ಮೆ.

"ನಾ ಹೋಗಂಗಿಲ್ಲ, ಖರೆ. ಅದ ಇಲ್ಲಿಗೆ ಬಂದ್ರ?" ಎಂದರು.

ಏನು ಹೇಳುತ್ತೀರಿ ಇದಕ್ಕೆ?

ಭಾವ ಗದಗಿನವರು. ಅಕ್ಕ, ಅವಳ ತಂಗಿ ನಾನು, ಇಬ್ಬರೂ ಮೈಸೂರಿನವರು. ಮದುವೆಯಾಗಿ ಹದಿನೆಂಟು ವರ್ಷದ ಹಿಂದೆ ಅಕ್ಕ ಮಲೇಶಿಯಾಕ್ಕೆ ಬಂದಳು. ನಾನು ಬಹಳ ವರ್ಷಗಳ ಮೇಲೆ ಸೈಬರ್‌ಜಯಾದಲ್ಲಿ ಒಂದು ಸಾಫ್ಟ್‌ವೇರ್ ಕೆಲಸ ಸಿಕ್ಕಿ ಬಂದೆ. ಭಾವನದು ಕ್ಲಾಂಗ್ ಬಂದರಿನ ಹತ್ತಿರ ಸರಕು ಸಾಗಿಸುವ ಸಣ್ಣದೊಂದು ಕಂಪನಿಯಲ್ಲಿ ಕಾಗದಪತ್ರದ ಕೆಲಸ. ಕಂಟೇನರಿನೊಳಗೆ ಏನಿದೆ, ಎಲ್ಲಿಗೆ ಹೋಗುತ್ತದೆ, ಮರದ ಹಲಗೆಗೆ ಹುಳ ಹೊಡೆಯದಂತೆ ಹೊಗೆ ಹಾಕಿಸಿದ ಸರ್ಟಿಫಿಕೇಟು ಇದೆಯೋ ಇಲ್ಲವೋ ಎಲ್ಲ ನೋಡಬೇಕು. ಒಂದು ಕಾಗದ ಕಮ್ಮಿಯಾದರೂ ಕಂಟೇನರು ಹಡಗು ಹತ್ತುವಂತಿಲ್ಲ. ಹಡಗು ಹೊರಡುವ ಮೊದಲು 'ಕಟ್ ಆಫ್' ಅಂತ ಒಂದು ಗಡುವು ಇರುತ್ತದೆ. ಅದು ದಾಟಿತೋ, ಬಂಗಾರವೇ ತುಂಬಿದ್ದರೂ ಗೇಟಿನಾಚೆಯೇ. ಇದನ್ನೇ ಮಾಡಿ ಮಾಡಿ ಭಾವನಿಗೆ ಮನುಷ್ಯರೂ ಕಂಟೇನರುಗಳಂತೆ ಕಾಣತೊಡಗಿದರು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಫೈಲು. ರಕ್ತದ ಗುಂಪು, ಹಾಕಿಸಿದ ಸೂಜಿ, ಹಾಕಿಸಬೇಕಾದ ಸೂಜಿ, ಯಾವ ಮಾತ್ರೆ ಒಗ್ಗುವುದಿಲ್ಲ, ಎಲ್ಲ ಅದರಲ್ಲಿ. ವಾರಾಂತ್ಯಕ್ಕೆ ಬಂದು ಹೋಗುವ ನನಗೂ ಒಂದು ಫೈಲು! ನನ್ನ ಜಾತಕ ನಮ್ಮಪ್ಪನ ಹತ್ತಿರ ಕೂಡ ಅಷ್ಟು ವಿವರವಾಗಿ ಇರಲಿಲ್ಲ.

ಒಂದು ಸಲ ರಜೆಯಲ್ಲಿ ಪೋರ್ಟ್ ಡಿಕ್ಸನ್ನಿನ ಸಮುದ್ರತೀರಕ್ಕೆ ಹೋಗೋಣ ಎಂದು ಅಕ್ಕ ಹೇಳಿದಳು. ಕ್ಲಾಂಗಿನಿಂದ ಕಾರಿನಲ್ಲಿ ಹೆಚ್ಚೆಂದರೆ ಎರಡು ಗಂಟೆ. ಇಲ್ಲಿಯ ಜನ ಬೆಳಗ್ಗೆ ಎದ್ದು ಯೋಚಿಸುತ್ತಾರೆ, ದಾರಿಯಲ್ಲಿ ನಾಲ್ಕು ಪೊಟ್ಟಣ ಅನ್ನ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಮಧ್ಯಾಹ್ನಕ್ಕೆ ನೀರಿಗಿಳಿಯುತ್ತಾರೆ. ಭಾವ ಆರು ವಾರ ಕೇಳಿದರು. ತೀರದ ಅಂಗಡಿಯ ನೀರಿಗೆ ಟೈಫಾಯ್ಡಿನ ಸೂಜಿ, ಲೋಳೆಮೀನು ಕುಟುಕಿದರೆ ಸುರಿಯಲು ವಿನೆಗರಿನ ಬಾಟಲಿ, ಅಲ್ಲಿ ಅಡ್ಡಾಡುವ ನಾಯಿಗಳಿಗೆ ಇನ್ನೊಂದು ಸೂಜಿ. ನಾಯಿಗಳಿಗಲ್ಲ ಮಾರಾಯರೇ, ನಮಗೆ! ಸೂಜಿಗಳೆಲ್ಲ ಮುಗಿಯುವಷ್ಟರಲ್ಲಿ ಅಕ್ಕನ ಮಗಳು ಪುಟ್ಟಿಯ ರಜೆಯೂ ಮುಗಿದು ಸ್ಕೂಲು ಶುರುವಾಗಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ, ನಾವೆಲ್ಲ ಪಾಟಿ ಎನ್ನುವವರು, ಅಷ್ಟರಲ್ಲಿ ಮೂರು ಸಲ ಹೋಗಿ ಬಂದಿದ್ದರು, ಅದೂ ಮಂಡಿ ನೋವು ಇಟ್ಟುಕೊಂಡು.

ನಗಬೇಡಿ. ನಾನೂ ನಗುತ್ತಿದ್ದೆ, ಗದಗಿಗೆ ಹೋಗುವವರೆಗೆ. ಭಾವನ ತಮ್ಮನ ಮದುವೆಗೆ ಎಲ್ಲರೂ ಹೋಗಿದ್ದೆವು. ಭಾವ ತಮ್ಮ ಹುಟ್ಟಿದ ಮನೆಯಲ್ಲೇ ನೀರು ಕುದಿಸಿ, ಸೋಸಿ, ಅದಕ್ಕೊಂದು ಮಾತ್ರೆ ಹಾಕಿ, ಅರ್ಧ ಗಂಟೆ ಗಡಿಯಾರ ನೋಡಿ ಕುಡಿಯುತ್ತಿದ್ದರು. ಅವರ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಇದ ನೀರ ಕುಡದ ಬೆಳದೀಯಲ್ಲೋ!"

"ಆವಾಗ ನನಗ ಗೊತ್ತಿರಲಿಲ್ಲವ್ವಾ," ಎಂದರು ಭಾವ, ದೊಡ್ಡ ಅಪಾಯದಿಂದ ಪಾರಾದವರ ಹಾಗೆ. ಮದುವೆಯ ಮರುದಿನ ನನಗೆ ಹೊಟ್ಟೆ ಕೆಟ್ಟಿತು. ಅಕ್ಕನಿಗೆ, ಪುಟ್ಟಿಗೆ, ಮದುಮಗನಿಗೆ, ಕೊನೆಗೆ ಆ ಅವ್ವನಿಗೂ! ಇಡೀ ಮನೆಯಲ್ಲಿ ಗಟ್ಟಿಯಾಗಿ ನಿಂತಿದ್ದವರು ಭಾವ ಒಬ್ಬರೇ. ಎಲ್ಲರಿಗೂ ಉಪ್ಪು ಸಕ್ಕರೆಯ ನೀರು ಕಲಸಿ ಕಲಸಿ ಕೊಟ್ಟರು. 'ನಾ ಹೇಳಿರಲಿಲ್ಲೇನು' ಎಂದು ಒಂದೇ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು. ಆವತ್ತಿನಿಂದ ಭಾವನನ್ನು ಕಂಡರೆ ನನಗೆ ನಗುವಿನ ಜೊತೆ ಒಂದು ಭಕ್ತಿಯೂ ಸೇರಿಕೊಂಡಿತು.

ಆದರೆ ಅಕ್ಕನ ಕಥೆ ಬೇರೆ. ಮದುವೆಗೆ ಮುಂಚೆ ಅವಳು ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಳು. ರಫ್ಲೇಸಿಯಾ ಎಂಬ ಹೂವಿದೆಯಲ್ಲ, ಅದರ ಪಾಠ ಬಂದಾಗ ಬೋರ್ಡಿನ ಈ ತುದಿಯಿಂದ ಆ ತುದಿಗೆ ಚಿತ್ರ ಬರೆಯುತ್ತಿದ್ದಳಂತೆ. ಎಲೆಯಿಲ್ಲ, ಕಾಂಡವಿಲ್ಲ, ಬೇರಿಲ್ಲ. ಕಾಡುಬಳ್ಳಿಯೊಂದರೊಳಗೆ ಕಳ್ಳನಂತೆ ಅಡಗಿದ್ದು, ಎಲೆಕೋಸಿನಂಥ ಮೊಗ್ಗು ತಿಂಗಳುಗಟ್ಟಲೆ ಉಬ್ಬಿ, ಅರಳಿದರೆ ಮೊರದಗಲ! ಅರಳಿ ಇರುವುದು ಐದಾರೇ ದಿನ. ಕೊಳೆತ ಮಾಂಸದ ವಾಸನೆ, ನೊಣಗಳನ್ನು ಕರೆಯುವುದಕ್ಕೆ. ಮಲೇಶಿಯಾದ ಸಂಬಂಧ ಬಂದಾಗ ಅಕ್ಕ ಹುಡುಗನ ಫೋಟೋ ನೋಡುವ ಮೊದಲೇ ಒಪ್ಪಿದ್ದಳು. ಯಾಕೆಂದು ನಮ್ಮಮ್ಮನಿಗೆ ಈಗಲೂ ಗೊತ್ತಿಲ್ಲ. ಬಂದು ಹದಿನಾರು ವರ್ಷವಾಗಿತ್ತು! ಹೂವು ಇರುವ ಪೆರಾಕ್ ರಾಜ್ಯದ ಕಾಡು ಕಾರಿನಲ್ಲಿ ಐದು ಗಂಟೆಯ ದಾರಿ. ಅವಳು ನೋಡಿದ್ದು ಮಾಲುಗಳಲ್ಲಿ ಪ್ಲಾಸ್ಟಿಕ್ಕಿನ ರಫ್ಲೇಸಿಯಾ ಮಾತ್ರ. ಪ್ರತಿ ವರ್ಷ ಹೊರಡುವ ಮಾತು ಬರುತ್ತಿತ್ತು, ಪ್ರತಿ ವರ್ಷ ಭಾವನ ತಯಾರಿ ಮುಗಿಯುವ ಹೊತ್ತಿಗೆ ಹೂವು ಬಾಡಿರುತ್ತಿತ್ತು.

ಅಷ್ಟರಲ್ಲಿ ಕೊರೊನಾ ಬಂತು. ವಾರಾಂತ್ಯಕ್ಕೆಂದು ಅಕ್ಕನ ಮನೆಗೆ ಎರಡು ಜೊತೆ ಬಟ್ಟೆ ಹಿಡಿದು ಬಂದವಳು ನಾನು ಲಾಕ್‌ಡೌನಿನಲ್ಲಿ ಅಲ್ಲೇ ಸಿಕ್ಕಿಕೊಂಡೆ, ಆಮೇಲೂ ಅಲ್ಲಿಂದಲೇ ಕೆಲಸ ಮಾಡುತ್ತಾ ಉಳಿದೆ. ಆ ದಿನಗಳಲ್ಲಿ ಭಾವನನ್ನು ನೋಡಬೇಕಿತ್ತು ನೀವು! ಇಷ್ಟು ವರ್ಷ ಅವರನ್ನು ಆಡಿಕೊಂಡಿದ್ದ ಕನ್ನಡದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದರು. "ಸಾರ್, ತರಕಾರಿ ಸೋಪಲ್ಲಿ ತೊಳೀಬೇಕಾ?" "ಸಾರ್, ಮಾಸ್ಕ್ ಒಂದಾ ಎರಡಾ?" ಭಾವನ ಮನೆಯಲ್ಲಿ ಮಾಸ್ಕು, ಕೈಗವಸು, ಥರ್ಮಾಮೀಟರು ಮೊದಲೇ ಡಬ್ಬ ಡಬ್ಬವಿತ್ತು. ಜಗತ್ತಿಗೆ ಜಗತ್ತೇ ಬಂದು ಅವರ ಫೈಲಿನೊಳಗೆ ಕೂತುಕೊಂಡ ಹಾಗಾಗಿತ್ತು. ಬಂದರು ಒಂದು ದಿನವೂ ನಿಲ್ಲಲಿಲ್ಲ, ಆದ್ದರಿಂದ ಭಾವ ಕೆಲಸಕ್ಕೆ ಹೋಗಲೇಬೇಕಿತ್ತು. ಸಂಜೆ ಬಂದವರು ಹಿತ್ತಿಲಲ್ಲೇ ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ಸ್ನಾನ ಮಾಡಿ, ಟವೆಲು ಸುತ್ತಿಕೊಂಡು ಒಳಗೆ ಬರುತ್ತಿದ್ದರು. ಪಕ್ಕದ ಪಾಟಿ ಆ ಹೊತ್ತಿಗೆ ಸರಿಯಾಗಿ ತಮ್ಮ ಕಿಟಕಿ ಮುಚ್ಚುವುದನ್ನು ರೂಢಿ ಮಾಡಿಕೊಂಡರು.

ಇಷ್ಟೆಲ್ಲ ಮಾಡಿದ ಮನುಷ್ಯನ ಬೆನ್ನು ಹತ್ತಿಯೇ ಎರಡನೆಯ ವರ್ಷ ಆ ರೋಗ ಮನೆಗೆ ಬಂತು. ಮೊದಲು ಜ್ವರ ಬಂದದ್ದು ಭಾವನಿಗೆ. ನಂತರ ನಮಗೆಲ್ಲ. ದೇವರು ದೊಡ್ಡವನು, ಹತ್ತು ಹನ್ನೆರಡು ದಿನದಲ್ಲಿ ಎಲ್ಲರೂ ಎದ್ದು ಕೂತೆವು. ಆದರೆ ಅಕ್ಕನಿಗೆ ವಾಸನೆ ಹೋಯಿತು. ವಾರವಾಯಿತು, ತಿಂಗಳಾಯಿತು, ಬರಲಿಲ್ಲ. ಹಾಲು ಸೀದರೆ ಗೊತ್ತಾಗುತ್ತಿರಲಿಲ್ಲ. ಮಲ್ಲಿಗೆ ಮುಡಿದುಕೊಂಡು, "ಇದೂ ಪ್ಲಾಸ್ಟಿಕ್ ಹೂವಿನ ಥರಾನೇ ಕಣೇ," ಎಂದು ತೆಗೆದಿಟ್ಟಳು.

ಭಾವ ಒಂದೇ ಮಾತು ಹೇಳಿದ್ದು, ಅದೂ ನನ್ನ ಹತ್ತಿರ: "ನಾನ ಇದನ್ನ ಮನಿಗೆ ತಂದೆ ನೋಡವಾ."

ಆಮೇಲೆ ದಿನಾ ಬೆಳಗ್ಗೆ ಅಕ್ಕನ ಮುಂದೆ ಒಂದು ತಟ್ಟೆ ಬರುತ್ತಿತ್ತು. ಅದರಲ್ಲಿ ಕಾಫಿಪುಡಿ, ಲವಂಗ, ನಿಂಬೆಸಿಪ್ಪೆ, ಕರ್ಪೂರ. ವಾಸನೆ ಮರಳಿ ಬರಲು ಹೀಗೆ ಮೂಸಿ ಮೂಸಿ ಅಭ್ಯಾಸ ಮಾಡಬೇಕೆಂದು ಎಲ್ಲೋ ಓದಿದ್ದರು. ಒಂದೊಂದನ್ನೂ ಅವಳ ಮೂಗಿನ ಹತ್ತಿರ ಹಿಡಿದು, "ಏನರ ಬಂತೇನು?" ಎನ್ನುವರು. "ಇಲ್ಲ," ಎನ್ನುವಳು. ತಟ್ಟೆ ಒಳಗೆ ಹೋಗುತ್ತಿತ್ತು. ಮರುದಿನ ಮತ್ತೆ ಬರುತ್ತಿತ್ತು. ಒಂದು ದಿನ ಅಕ್ಕ ನಕ್ಕು, "ಈ ಕಾಫಿಪುಡಿ ಎಲ್ಲ ನನ್ನ ಮೂಗಿಗೆ ಸಾಲಲ್ಲ ರೀ. ಆ ರಫ್ಲೇಸಿಯಾ ನಾತ ಬಂದರೆ ಬರಬೇಕು!" ಎಂದಳು. ತಮಾಷೆಗೆ ಅಂದಳು ಎಂದುಕೊಂಡೆ ನಾನು. ಭಾವ ತಮಾಷೆಗೆ ತೆಗೆದುಕೊಳ್ಳಲಿಲ್ಲ.

ರಾಜ್ಯದಿಂದ ರಾಜ್ಯಕ್ಕೆ ಹೋಗಲು ಬಿಟ್ಟಮೇಲೆ ಭಾವ ಪೆರಾಕಿನ ಕಾಡಿನಂಚಿನ ಒಬ್ಬ ಹಿರಿಯರನ್ನು ಹುಡುಕಿದರು. ಅವರು ಅಲ್ಲಿಯ ಮೂಲನಿವಾಸಿ, ಹೂವು ತೋರಿಸಲು ಜನರನ್ನು ಕರೆದುಕೊಂಡು ಹೋಗುವವರು. ಎಲ್ಲರೂ ಅವರನ್ನು ಪಾಕ್‌ಚಿಕ್ ಎನ್ನುತ್ತಿದ್ದರು, ನಮ್ಮ ಚಿಕ್ಕಪ್ಪ ಅಂದ ಹಾಗೆ. ಒಂದು ಮೊಗ್ಗು ಚೆನ್ನಾಗಿ ಉಬ್ಬಿದೆ, ಚೀನೀ ಹೊಸವರ್ಷ ಕಳೆದು ಕೆಲವು ವಾರಕ್ಕೆ ಅರಳಬಹುದು ಎಂದರು ಪಾಕ್‌ಚಿಕ್.

"ಸರಿಯಾಗಿ ಯಾವ ತಾರೀಖು?" ಭಾವ ಫೋನಿನಲ್ಲಿ ಇಂಗ್ಲಿಷು, ಮಲಾಯ್ ಎರಡನ್ನೂ ಕಲಸಿ ಕೇಳಿದರು.

"ಬಾಸ್, ಅದು ಹೂವು ಲಾ! ಹಡಗಲ್ಲ." ಇಲ್ಲಿಯವರ ಮಾತಿಗೆ ಬಾಲದಂತೆ ಒಂದು 'ಲಾ' ಇದ್ದೇ ಇರುತ್ತದೆ.

ಭಾವನೇ ಒಂದು ತಾರೀಖು ನಿಗದಿ ಮಾಡಿದರು. ಪಾಪ, ಹೂವಿಗೆ ಅದನ್ನು ತಿಳಿಸುವವರು ಯಾರು? ಅದರಿಂದ ಹಿಂದಕ್ಕೆ ಎಣಿಸಿ ಸೂಜಿಗಳ ಪಟ್ಟಿ ತಯಾರಾಯಿತು. ನಮ್ಮನ್ನೆಲ್ಲ ಕ್ಲಾಂಗಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರಮ್ಮ ತಮಿಳಿನವರು, ಭಾವನನ್ನು ಬಹಳ ವರ್ಷದಿಂದ ಬಲ್ಲವರು. ಭಾವನ ಫೈಲುಗಳು ಬಾಗಿಲಲ್ಲಿ ಕಂಡಕೂಡಲೇ ಒಂದು ಲೋಟ ನೀರು ಕುಡಿದರು. ಟೈಫಾಯ್ಡಿನ ಸೂಜಿ ಆಯಿತು. ಕಾಡಿನ ಕೆಸರಿನಿಂದ ಬರುವ ಇಲಿಜ್ವರಕ್ಕೆ ಮಾತ್ರೆ ಆಯಿತು. "ಅಲ್ಲಿ ಮಂಗ್ಯಾ ಅದಾವು. ಕಡದ್ರ?" ಎಂದು ಹುಚ್ಚುನಾಯಿಯ ಮೂರು ಡೋಸಿನ ಸೂಜಿ ಮತ್ತೆ ಮೊದಲಿನಿಂದ ಶುರುವಾಯಿತು.

"ಜಿಗಣೆಗೆ ಏನೈತ್ರಿ ಡಾಕ್ಟ್ರ?"

"ಜಿಗಣೆಗೆ ಸೂಜಿ ಇಲ್ಲೆ ಸಾರ್."

"ಯಾಕ ಇಲ್ಲ?"

ಡಾಕ್ಟರಮ್ಮ ಕನ್ನಡಕ ತೆಗೆದರು. "ಸಾರ್, ನೀಂಗ ಪೂ ಪಾಕ್ಕ ಪೋರೀಂಗಳಾ, ಯುದ್ಧಕ್ಕಾ?"

ಹೂ ನೋಡೋಕೋ, ಯುದ್ಧಕ್ಕೋ! ಪುಟ್ಟಿ ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಭಾವ ಮಾತ್ರ ಗಂಭೀರವಾಗಿ, "ಎರಡೂ ಒಂದ ರೀ," ಎಂದರು. ಜಿಗಣೆಗೆ ಸೂಜಿ ಇಲ್ಲದ ಕಾರಣ ಮೊಣಕಾಲಿನವರೆಗೆ ಬರುವ ದಪ್ಪ ಬಟ್ಟೆಯ ಕಾಲಚೀಲಗಳು ಬಂದವು. ಅಷ್ಟಕ್ಕೇ ಬಿಟ್ಟರೇ? ಭಾನುವಾರ ಬೆಳಗ್ಗೆ ಮನೆ ಮುಂದೆ ತಾಲೀಮು! ಕಾಲಚೀಲ ಹಾಕಿಕೊಂಡು ಕಾರಿನ ಸುತ್ತ ನಡೆಯಬೇಕು. ಭಾವ "ಚೆಕ್!" ಎಂದಕೂಡಲೇ ಎಲ್ಲರೂ ನಿಂತು ಮುಂದಿನವರ ಕುತ್ತಿಗೆ, ಕಿವಿಯ ಹಿಂದೆ, ಮಂಡಿಯ ಸಂದು ನೋಡಬೇಕು. "ಅಪ್ಪಾ, ಇಟ್ಸ್ ಜಸ್ಟ್ ಎ ಫ್ಲವರ್ ಲಾ!" ಎಂದು ಪುಟ್ಟಿ ಅಂಗಲಾಚಿದಳು. ಪಕ್ಕದ ಪಾಟಿ ಬೇಲಿಯಾಚೆ ನಿಂತು ಎರಡು ಸುತ್ತು ನೋಡಿ, "ಎನ್ನಮ್ಮಾ, ಕಲ್ಯಾಣಕ್ಕೆ ಡ್ಯಾನ್ಸಾ?" ಎಂದು ಕೇಳಿದರು. ಅಕ್ಕ ನಾಚಿ ಕೆಂಪಾದಳು, ಆದರೂ ನಡೆಯುವುದು ನಿಲ್ಲಿಸಲಿಲ್ಲ. ಈ ಸಲ ಹೂವು ಸಿಗುವ ಹಾಗಿದ್ದರೆ ಅವಳು ತಲೆ ಕೆಳಗಾಗಿ ನಡೆಯಲೂ ತಯಾರಿದ್ದಳು.

ಎರಡು ಡೋಸು ಮುಗಿದಿದ್ದವು. ಮೂರನೆಯದಕ್ಕೆ ಇನ್ನೂ ಹತ್ತು ದಿನವಿತ್ತು. ಆ ಶುಕ್ರವಾರ ಸಂಜೆ ಪಾಕ್‌ಚಿಕ್ ಒಂದು ವಿಡಿಯೋ ಕಳಿಸಿದರು.

ಹೂವು ಅರಳಿಬಿಟ್ಟಿತ್ತು! ಆಗಲೇ ಎರಡು ದಿನವಾಗಿತ್ತಂತೆ. ಮಳೆ ಬಂದರೆ ಇನ್ನೂ ಬೇಗ ಕರಗುತ್ತದೆ, ಬರುವುದಾದರೆ ನಾಳೆಯೇ ಬನ್ನಿ ಎಂದು ಬರೆದಿದ್ದರು. ಅಕ್ಕ ವಿಡಿಯೋ ನೋಡಿದಳು. ಇನ್ನೊಮ್ಮೆ ನೋಡಿದಳು. "ವಿಡಿಯೋದಲ್ಲೇ ಎಷ್ಟು ಚೆನ್ನಾಗಿ ಕಾಣ್ಸುತ್ತೆ ಅಲ್ವಾ? ಸಾಕು ಬಿಡು," ಎಂದು ಫೋನನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು. ಹದಿನೆಂಟು ವರ್ಷದಲ್ಲಿ ಅವಳು ಗಂಡನಿಗೆ ಒಂದು ಮಾತೂ ಬಿರುಸಾಗಿ ಅಂದವಳಲ್ಲ. ಆವತ್ತೂ ಅನ್ನಲಿಲ್ಲ. ನನಗೇ ಸಿಟ್ಟು ನೆತ್ತಿಗೇರಿತು.

"ಭಾವ, ನಿಮ್ಮ ಪಟ್ಟಿ ಹಿಡ್ಕೊಂಡು ನೀವೇ ಪೂಜೆ ಮಾಡಿ. ಅವಳು ಏನು ಕಂಟೇನರಾ? ಇದೂ ಹೋದರೆ ಅವಳು ಇನ್ಯಾವತ್ತೂ ಕೇಳಲ್ಲ, ತಿಳ್ಕೊಳ್ಳಿ!"

ಭಾವ ಡಾಕ್ಟರಮ್ಮನಿಗೆ ಫೋನು ಮಾಡಿದರು. ಎರಡು ಡೋಸಿನ ಮೇಲೆ ಹೋಗಬಹುದು, ಮಂಗನ ತಂಟೆಗೆ ಹೋಗಬೇಡಿ, ಕಚ್ಚಿದರೆ ತಕ್ಷಣ ಬನ್ನಿ ಎಂದರು ಅವರು. ಭಾವ ಫೋನಿಟ್ಟು ವರಾಂಡದಲ್ಲಿ ಈ ಕಡೆಯಿಂದ ಆ ಕಡೆಗೆ ನಡೆದರು. ಆರು ತಿಂಗಳ ಹಿಂದೆ ಎಲ್ಲ ಎಚ್ಚರಿಕೆ ವಹಿಸಿಯೂ ಮನೆಗೆ ರೋಗ ತಂದ ಮನುಷ್ಯ ಅವರು. ಈಗ ಒಂದು ಸೂಜಿ ಕಮ್ಮಿ ಇಟ್ಟುಕೊಂಡು ಅದೇ ಹೆಂಡತಿಯನ್ನು ಕಾಡಿಗೆ ಕರೆದುಕೊಂಡು ಹೋಗಬೇಕು. ಅವರು ಅಕ್ಕನ ಫೈಲು ತೆರೆದು, ಮುಚ್ಚಿ, ಮತ್ತೆ ತೆರೆದದ್ದು ಕಂಡು ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ನಾನು ಅಷ್ಟು ಜೋರಾಗಿ ಅನ್ನಬಾರದಿತ್ತು.

ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಬೆಳಗ್ಗೆ ಐದಕ್ಕ ಬಿಡೂಣು. ಆ ಕಾಲಚೀಲ ತಗದಿಡು."

ಅಕ್ಕ ಸೌಟು ಹಿಡಿದುಕೊಂಡೇ ತಿರುಗಿದಳು. "ರೀ, ಇನ್ನೊಂದು ಡೋಸು..."

"ಇರಲಿ ಬಿಡು."

'ಇರಲಿ ಬಿಡು'! ಭಾವನ ಬಾಯಿಂದ! ನಾನೂ ಪುಟ್ಟಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವರಿಗೇ ಮತ್ತೆ ಜ್ವರವೇನಾದರೂ ಬಂದಿದೆಯೇ ಎಂದು ನನಗೆ ಅನುಮಾನ ಬಂತು.

ಕಾಡಿನೊಳಗೆ ಒಂದೂವರೆ ಗಂಟೆ ಏರು ದಾರಿ. ಪಾಕ್‌ಚಿಕ್ ರಬ್ಬರ್ ಚಪ್ಪಲಿಯಲ್ಲಿ ಮಾರ್ಕೆಟ್ಟಿಗೆ ಹೊರಟವರ ಹಾಗೆ ಮುಂದೆ ನಡೆದರು. ನಾವು ಎರಡೆರಡು ಮಾಸ್ಕು, ಉದ್ದ ತೋಳು, ಟೋಪಿ, ಕಾಲಚೀಲದಲ್ಲಿ ಬೆವರಿನಲ್ಲಿ ಬೇಯುತ್ತಾ ಹಿಂದೆ. ಭಾವ ಅಕ್ಕನ ಬೆನ್ನ ಹಿಂದೆಯೇ. ಸೊಳ್ಳೆಯ ಸ್ಪ್ರೇ ಎಲ್ಲ ಅವಳಿಗೆ ಹೊಡೆದು ಖಾಲಿಯಾಗಿತ್ತು. ಹತ್ತು ಹೆಜ್ಜೆಗೊಮ್ಮೆ ಕೂತು ಅವಳ ಕಾಲು ನೋಡುವರು, ಎದ್ದು ಅವಳ ಕುತ್ತಿಗೆ ನೋಡುವರು. ಅಕ್ಕನಿಗೆ ಒಂದೇ ಒಂದು ಜಿಗಣೆಯೂ ಹತ್ತಲಿಲ್ಲ. ಆದರೆ ಹಾಗೆ ಕೆಸರಲ್ಲಿ ಕೂತು ಕೂತು ಭಾವನ ಮೈಮೇಲೆ ನಾನು ಎಣಿಸಿದ್ದು ಏಳು. ಗದಗಿನ ಬಿಸಿಲಲ್ಲಿ ಬೆಳೆದ ಮನುಷ್ಯ, ಜನ್ಮದಲ್ಲಿ ಜಿಗಣೆ ಕಂಡವರಲ್ಲ. "ಭಾವ, ನಿಮ್ಮ ಕಿವಿ ಹತ್ತಿರ ಒಂದಿದೆ," ಎಂದರೆ, "ಇರಲಿ, ಆಮ್ಯಾಲ," ಎಂದರು. ಅವರಿಗೆ ಪುರುಸೊತ್ತೇ ಇರಲಿಲ್ಲ.

ಇಳಿಜಾರಿನ ತಿರುವಿನಲ್ಲಿ ಪಾಕ್‌ಚಿಕ್ ಪಕ್ಕಕ್ಕೆ ಸರಿದು ನಿಂತರು.

ಒಣಗಿದ ಎಲೆಗಳ ನಡುವೆ, ನೆಲದ ಮೇಲೆ, ಅದು ಇತ್ತು. ಕೆಂಪು ಎಂದರೆ ಸಾಲದು, ಇಟ್ಟಿಗೆಯ ಕೆಂಪು. ದಪ್ಪ ದಪ್ಪ ಐದು ಎಸಳು, ಮೈತುಂಬ ಬಿಳಿ ಮಚ್ಚೆ, ನಡುವೆ ಕೂಸನ್ನು ಕೂರಿಸುವಷ್ಟು ಬಾಯಿ ತೆರೆದ ಬಟ್ಟಲು. ಸುತ್ತ ಒಂದು ಎಲೆಯಿಲ್ಲ, ಕಾಂಡವಿಲ್ಲ. ಎಲ್ಲಿಂದ ಬಂತು ಇದು ಎಂದು ದಂಗಾಗಿ ನಿಂತೆ. ಸದಾ ಫೋನು ತಿರುವುತ್ತಾ ಇಂಗ್ಲಿಷೇ ಆಡುವ ಪುಟ್ಟಿ ಫೋಟೋ ತೆಗೆಯುವುದನ್ನೂ ಮರೆತು, "ಅಮ್ಮಾ... ಇಷ್ಟು ದೊಡ್ಡದಾ?" ಎಂದಳು. ಕನ್ನಡದಲ್ಲಿ!

ಅಕ್ಕ ಮೆಲ್ಲಗೆ ಹೋಗಿ ಹೂವಿನ ಮುಂದೆ ಕೂತಳು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಎರಡು ಮಾಸ್ಕನ್ನೂ ಕೆಳಗಿಳಿಸಿ, ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದಳು. ನಾವೆಲ್ಲ ಉಸಿರು ಹಿಡಿದೆವು. ಇನ್ನೊಮ್ಮೆ ಎಳೆದಳು. ತಲೆಯೆತ್ತಿ ಭಾವನ ಕಡೆ ನೋಡಿ, ಸಣ್ಣಗೆ ತಲೆ ಅಲ್ಲಾಡಿಸಿದಳು.

"ಇಲ್ಲ ರೀ. ಏನೂ ಬರಲಿಲ್ಲ. ಹೋಗಲಿ ಬಿಡಿ, ನೋಡಿದೆನಲ್ಲ." ನಗುತ್ತಲೇ ಅಂದಳು. ಕಣ್ಣು ಮಾತ್ರ ತುಂಬಿತ್ತು.

ಭಾವ ಅವಳ ಪಕ್ಕದಲ್ಲಿ ಕೆಸರಿಗೆ ಮಂಡಿಯೂರಿದರು. ಎರಡು ವರ್ಷದಲ್ಲಿ ಮನೆಯ ಹೊರಗೆ ಒಂದು ಗುಟುಕು ಟೀ ಕುಡಿಯಲೂ ಮಾಸ್ಕು ಸರಿಸದ ಮನುಷ್ಯ, ಎರಡನ್ನೂ ಕಿತ್ತು ಜೇಬಿಗೆ ತುರುಕಿದರು. ನೊಣಗಳು ಮುತ್ತಿದ್ದ ಆ ಬಟ್ಟಲಿನೊಳಗೆ ಮೂಗಿಟ್ಟು ಎದೆ ತುಂಬ ಉಸಿರೆಳೆದರು. ಕೆಮ್ಮಿದರು.

"ಕೇಳ, ನಾ ಹೇಳ್ತೀನಿ," ಎಂದರು. "ಮೊದ್ಲ ಸತ್ತ ಇಲಿ ನಾತ. ಗೋದಾಮಿನ್ಯಾಗ ಮೂರ ದಿನ ಬಿಟ್ಟಿದ್ದು. ಅದರ ಹಿಂದ ಮೀನ ಪ್ಯಾಟಿ, ಮಧ್ಯಾಹ್ನದ್ದು."

ಅಕ್ಕ ಕಣ್ಣು ಮುಚ್ಚಿದಳು. "ಸಿಹಿ ಏನಾದರೂ ಇದೆಯಾ? ಕೊನೇಲಿ?"

ಭಾವ ಮತ್ತೆ ಬಗ್ಗಿದರು. ಕಿವಿಯ ಹತ್ತಿರದ ಜಿಗಣೆ ಊದಿ ದ್ರಾಕ್ಷಿಯಾಗಿತ್ತು, ಅವರಿಗೆ ಅದರ ಪರಿವೆಯೇ ಇಲ್ಲ. "ಐತಿ. ಸಣ್ಣಗ ಐತಿ. ಹಳಸಿದ ಹಲಸಿನ ಹಣ್ಣಿನ ಗತೆ. ತಡಿ, ಇನ್ನೊಮ್ಮೆ ನೋಡ್ತೀನಿ." ಮೂರನೆಯ ಸಲ ಉಸಿರೆಳೆದಾಗ ಅವರ ಕಣ್ಣಿನಿಂದ ದಳದಳ ನೀರು ಇಳಿಯಿತು. ನಾತಕ್ಕೋ, ಇನ್ಯಾತಕ್ಕೋ! ಈ ಮನುಷ್ಯನನ್ನು ನೋಡಿ ನಾನು ಇಷ್ಟು ವರ್ಷ ನಕ್ಕಿದ್ದೆನಲ್ಲ ಎಂದು ನನಗೂ ಅಳು ಬಂತು.

ಅಕ್ಕ ಕಣ್ಣು ಬಿಡಲಿಲ್ಲ. ಕೈ ಚಾಚಿ ಅವರ ತೋಳು ಹಿಡಿದುಕೊಂಡಳು. ವಾಸನೆ ನಿಜವಾಗಿ ಬಂದಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

"ಬಂತು ರೀ," ಎಂದಳು. "ಸಾಕು, ಈಗ ಮಾಸ್ಕ್ ಹಾಕ್ಕೊಳ್ಳಿ."